ಪೌಂಡ್–ಡಾಲರ್ ದರಕ್ಕೆ ‘ಕೇಬಲ್’ ಎಂಬ ಹೆಸರು ಬಂದದ್ದು ಹೇಗೆ, ಅದರಲ್ಲಿ ಎಡವುವುದು ಎಲ್ಲಿ

ವಿದೇಶಿ ವಿನಿಮಯದ ಡೀಲರ್ ಒಬ್ಬರು ‘ಕೇಬಲ್ ಎಷ್ಟಿದೆ?’ ಎಂದು ಕೇಳಿದರೆ, ಒಂದು ಬ್ರಿಟಿಷ್ ಪೌಂಡಿಗೆ ಎಷ್ಟು ಅಮೆರಿಕನ್ ಡಾಲರ್ ಎಂದು ಕೇಳುತ್ತಿದ್ದಾರೆ ಎಂದರ್ಥ. ಇದು ಪೌಂಡಿನ ಅಡ್ಡಹೆಸರಲ್ಲ. ಪೌಂಡ್–ಯೆನ್ ಕೇಬಲ್ ಅಲ್ಲ, ಯೂರೋ–ಪೌಂಡ್ ಕೂಡ ಅಲ್ಲ. ಪೌಂಡ್ ಮತ್ತು ಡಾಲರ್ ಎರಡೂ ಸೇರಿದಾಗ ಮಾತ್ರ ಕೇಬಲ್. ‘ಯೆನ್ ಎದುರು ಕೇಬಲ್ ಏರಿತು’ ಎಂದು ಯಾರಾದರೂ ಬರೆದಿದ್ದರೆ ಅವರಿಗೆ ಹೆಸರು ಗೊತ್ತಿದೆ, ಅರ್ಥ ಗೊತ್ತಿಲ್ಲ.

ಹೆಸರಿನ ಮೂಲವನ್ನು ಎಲ್ಲರೂ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ: ಅಟ್ಲಾಂಟಿಕ್ ಸಾಗರದ ತಳದಲ್ಲಿ ತಂತಿ ಹಾಕಿದರು, ಅದರ ಮೂಲಕ ಲಂಡನ್ ಮತ್ತು ನ್ಯೂಯಾರ್ಕ್ ನಡುವೆ ದರ ಹರಿಯಿತು, ಹಾಗಾಗಿ ಕೇಬಲ್. ಸುಳ್ಳಲ್ಲ, ಆದರೆ ಮುಖ್ಯವಾದದ್ದೇ ಇದರಲ್ಲಿ ಬಿಟ್ಟುಹೋಗಿದೆ. ದರದ ಸುದ್ದಿಯನ್ನು ತಂತಿ ಹೊತ್ತು ತಂದಿತೆಂಬುದಕ್ಕಿಂತ, ತಂತಿಯ ಮೂಲಕ ಹಣವನ್ನೇ ಪಾವತಿಸುವ ಒಂದು ಹೊಸ ಸರಕು ಹುಟ್ಟಿತು ಎಂಬುದು ದೊಡ್ಡ ವಿಷಯ. ಆ ಸರಕಿನ ಹೆಸರು ‘ಕೇಬಲ್ ಟ್ರಾನ್ಸ್‌ಫರ್’, ಅಂದರೆ ತಂತಿ ವರ್ಗಾವಣೆ. ಅಡ್ಡಹೆಸರು ಬಂದದ್ದು ಅಲ್ಲಿಂದ.

ಜೊತೆಗೆ ಇಸವಿಯ ಗೊಂದಲವೂ ಇದೆ. ಬಹಳ ಕಡೆ 1858 ಎಂದಿರುತ್ತದೆ. ಆ ವರ್ಷದ ಆಗಸ್ಟ್ 5ರಂದು ಐರ್ಲೆಂಡಿನ ವ್ಯಾಲೆನ್ಷಿಯಾ ದ್ವೀಪಕ್ಕೂ ನ್ಯೂಫೌಂಡ್‌ಲ್ಯಾಂಡಿಗೂ ತಂತಿ ಕೂಡಿದ್ದು ನಿಜ. ಆದರೆ ರಾಣಿ ವಿಕ್ಟೋರಿಯಾ ಅಮೆರಿಕದ ಅಧ್ಯಕ್ಷ ಬ್ಯುಕ್ಯಾನನ್‌ಗೆ ಕಳಿಸಿದ, ನೂರು ಪದವೂ ಇಲ್ಲದ ಸಂದೇಶ ಸಾಗರ ದಾಟಲು ಸುಮಾರು 16 ಗಂಟೆ ಹಿಡಿಯಿತು. ಉದ್ದದ ತಂತಿಯೊಂದು ನೀರಿನೊಳಗೆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ತಂತಿ ಎರಡು ಪಟ್ಟು ಉದ್ದವಾದರೆ ಸಂಕೇತದ ವಿಳಂಬ ನಾಲ್ಕು ಪಟ್ಟು ಎಂದು ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್) ಮೊದಲೇ ಲೆಕ್ಕ ಹಾಕಿದ್ದರು. ಯೋಜನೆಯ ವಿದ್ಯುತ್ ತಜ್ಞ ವೈಲ್ಡ್‌ಮನ್ ವೈಟ್‌ಹೌಸ್ ಅದನ್ನು ಒಪ್ಪದೆ, ಸುಮಾರು 2000 ವೋಲ್ಟ್ ಕೊಟ್ಟು ಸಂಕೇತವನ್ನು ಬಲವಂತವಾಗಿ ದಾಟಿಸಲು ಹೋದರು. ಮೊದಲೇ ದುರ್ಬಲವಾಗಿದ್ದ ನಿರೋಧಕ ಕವಚ ಸೋತಿತು, ಕೆಲವೇ ವಾರಗಳಲ್ಲಿ ತಂತಿ ಸತ್ತಿತು. ದಿನನಿತ್ಯದ ವ್ಯಾಪಾರಕ್ಕೆ ಅದು ಒದಗಲೇ ಇಲ್ಲ. ದರಕ್ಕೆ ಹೆಸರು ಕೊಡುವಷ್ಟು ದಿನ ಬದುಕದ ತಂತಿಗೆ ಆ ಗೌರವ ಸಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ.

ಲೆಕ್ಕಕ್ಕೆ ಬರಬೇಕಾದ ವರ್ಷ 1866. ಆ ಜುಲೈ 27ರಂದು ‘ಗ್ರೇಟ್ ಈಸ್ಟರ್ನ್’ ಎಂಬ ದೈತ್ಯ ಹಡಗು ನ್ಯೂಫೌಂಡ್‌ಲ್ಯಾಂಡಿನ ಹಾರ್ಟ್ಸ್ ಕಂಟೆಂಟ್ ಎಂಬಲ್ಲಿಗೆ ತಂತಿಯ ತುದಿ ತಂದು ಮುಟ್ಟಿಸಿತು. ಹಿಂದಿನ ವರ್ಷ ಅರ್ಧದಲ್ಲೇ ತುಂಡಾಗಿ ಮುಳುಗಿದ್ದ ತಂತಿಯನ್ನೂ ಸೆಪ್ಟೆಂಬರಿನಲ್ಲಿ ಕೊಕ್ಕೆ ಹಾಕಿ ಮೇಲೆತ್ತಿ, ಬೆಸೆದು, ಪೂರ್ತಿ ಮಾಡಿದರು. ಒಂದು ಕೈಕೊಟ್ಟರೆ ಇನ್ನೊಂದು ಎಂಬ ಭರವಸೆ ಬಂದದ್ದು ಆಗ. ವೇಗ ನಿಮಿಷಕ್ಕೆ ಸುಮಾರು 8 ಪದ. ಆರಂಭದ ದರ ದುಬಾರಿ: ಸಂದೇಶವೊಂದಕ್ಕೆ ಕನಿಷ್ಠ 20 ಪೌಂಡ್. ಅಷ್ಟು ತೆರಲು ಮುಂದೆ ಬಂದವರಲ್ಲಿ ಬ್ಯಾಂಕರುಗಳೂ ಹತ್ತಿ ವ್ಯಾಪಾರಿಗಳೂ ಮೊದಲಿಗರು.

ಈಗ ಹುಂಡಿಯ (ಬಿಲ್), ಅಂದರೆ ಇಂಥವರಿಗೆ ಇಷ್ಟು ಹಣ ಕೊಡಿ ಎಂದು ಬರೆದ ಪತ್ರದ, ಲೆಕ್ಕಕ್ಕೆ ಬರೋಣ.

ತಂತಿಗೆ ಮೊದಲು ನ್ಯೂಯಾರ್ಕಿನ ಆಮದುದಾರ ಲಂಡನ್ನಿನಲ್ಲಿ ಪೌಂಡ್ ಪಾವತಿಸಬೇಕಾದರೆ ಹುಂಡಿ ಕೊಂಡು ಹಡಗಿನ ಟಪಾಲಿಗೆ ಹಾಕುತ್ತಿದ್ದ. ಹುಂಡಿಯಲ್ಲಿ ಎರಡು ಬಗೆ. ತೋರಿಸಿದ ಕೂಡಲೇ ಹಣ ಸಿಗುವುದು ದರ್ಶನಿ ಹುಂಡಿ, ತೋರಿಸಿ 60 ದಿನ ಕಾಯಬೇಕಾದದ್ದು ಮುದ್ದತಿ ಹುಂಡಿ. ಹಣ ಎಷ್ಟು ತಡವಾಗಿ ಸಿಗುತ್ತದೋ ಹುಂಡಿ ಅಷ್ಟು ಅಗ್ಗ, ಏಕೆಂದರೆ ನಡುವಿನ ಬಡ್ಡಿ ಕೊಂಡವನಿಗೆ ನಷ್ಟ, ಮಾರಿದವನಿಗೆ ಲಾಭ. ತಂತಿ ಬಂದ ಮೇಲೆ ಇವುಗಳ ಪಕ್ಕದಲ್ಲಿ ಮೂರನೆಯ ಸಾಲೊಂದು ದರಪಟ್ಟಿಗೆ ಸೇರಿತು: ತಂತಿ ಕಳಿಸಿದ ಕೂಡಲೇ ಲಂಡನ್ನಿನಲ್ಲಿ ಪಾವತಿ. ಸಹಜವಾಗಿ ಅದೇ ಅತಿ ದುಬಾರಿ.

ವ್ಯತ್ಯಾಸ ಎಷ್ಟು? ಚಿನ್ನದ ಪದ್ಧತಿಯ ಕಾಲದ ಸಮದರವನ್ನೇ ಹಿಡಿದು ಲೆಕ್ಕ ಹಾಕೋಣ. ಪೌಂಡಿನಲ್ಲಿ 113.0016 ಗ್ರೇನ್ (ತೂಕದ ಒಂದು ಹಳೆಯ ಅಳತೆ) ಅಪ್ಪಟ ಚಿನ್ನ, ಡಾಲರಿನಲ್ಲಿ 23.22 ಗ್ರೇನ್. ಭಾಗಿಸಿದರೆ 4.8666, ಪುಸ್ತಕಗಳಲ್ಲಿ ಕಾಣುವುದು 4.8665. ಕೇಬಲ್ ದರ ಅಷ್ಟೇ ಇದೆ, ಲಂಡನ್ ಬಡ್ಡಿ 4 ಪ್ರತಿಶತ, ಟಪಾಲಿಗೆ 10 ದಿನ ಎಂದಿಟ್ಟುಕೊಳ್ಳಿ. ಹತ್ತು ದಿನದ ಬಡ್ಡಿ 4.8665 × 0.04 × 10/365, ಅಂದರೆ 0.0053 ಡಾಲರ್. ಹಾಗಾಗಿ ದರ್ಶನಿ ಹುಂಡಿ ಅರ್ಧ ಸೆಂಟಿನಷ್ಟು ಕಡಿಮೆ, 4.8612ರ ಆಸುಪಾಸು. ಮುದ್ದತಿ ಹುಂಡಿಗೆ 60 ದಿನ, ಅದರ ಮೇಲೆ ಇಂಗ್ಲಿಷ್ ಕಾನೂನು ಕೊಡುತ್ತಿದ್ದ 3 ರಿಯಾಯಿತಿ ದಿನ, ಟಪಾಲಿನ 10 ದಿನ. ಒಟ್ಟು 73 ದಿನ, ಸರಿಯಾಗಿ ವರ್ಷದ ಐದನೆಯ ಒಂದು ಭಾಗ. ಬಡ್ಡಿ 3.9 ಸೆಂಟ್, ದರ 4.8276ರ ಹತ್ತಿರ. ಮುದ್ರಾಂಕ ಶುಲ್ಕ, ದಲ್ಲಾಳಿ ಕಮಿಷನ್ ಇದರಿಂದ ಹೊರಗೆ.

ಹುಂಡಿಯ ದರವೆಂದರೆ ವಿನಿಮಯ ದರ ಮತ್ತು ಬಡ್ಡಿ ಎರಡೂ ಕಲಸಿದ ದರ. ಲಂಡನ್ನಿನ ಬಡ್ಡಿ ಏರಿದರೆ ಪೌಂಡಿನ ಬೆಲೆ ಅಲುಗದೆಯೂ ಹುಂಡಿಯ ದರ ಬೀಳುತ್ತದೆ. ಹಡಗು ತಡವಾದರೂ ಲೆಕ್ಕ ತಪ್ಪುತ್ತದೆ. ಕೇಬಲ್ ದರದಲ್ಲಿ ಈ ಕಲಬೆರಕೆ ಇಲ್ಲ, ಅದು ಇವತ್ತಿನ ಪೌಂಡಿಗೆ ಇವತ್ತಿನ ಡಾಲರ್. ಇಂದು ನಾವು ಸ್ಪಾಟ್ ಎಂದು ಕರೆಯುವ ದರದ ಪೂರ್ವಜ ಇದೇ, ಉಳಿದ ಹುಂಡಿಗಳ ದರವನ್ನು ಇದರಿಂದಲೇ ಕಳೆದು ತೆಗೆಯಬಹುದು. ಪಟ್ಟಿಯ ಮೂರು ಸಾಲುಗಳಲ್ಲಿ ಇದರ ಹೆಸರೇ ಉಳಿದುಕೊಂಡದ್ದಕ್ಕೆ ನನ್ನ ಎಣಿಕೆಯಲ್ಲಿ ಇದೇ ಕಾರಣ. ಬ್ಯಾಂಕುಗಳ ದರಪಟ್ಟಿಯಲ್ಲಿ ಇಂದಿಗೂ ಕಾಣುವ ‘ಟಿಟಿ’ ದರ, ಅಂದರೆ ಟೆಲಿಗ್ರಾಫಿಕ್ ಟ್ರಾನ್ಸ್‌ಫರ್, ಇದೇ ಮನೆತನದ್ದು. ಅದರ ಪಕ್ಕದಲ್ಲಿ ಬಿಲ್ ದರ ಬೇರೆಯಾಗಿ ಇರುವುದೂ ಅದೇ ಬಡ್ಡಿಯ ಲೆಕ್ಕದಿಂದ.

ಹಳೆಯ ಪತ್ರಿಕೆಗಳನ್ನು ತಿರುವುವವರಿಗೆ ಒಂದು ಎಚ್ಚರಿಕೆ. 1866ರ ನ್ಯೂಯಾರ್ಕ್ ಪಟ್ಟಿಯಲ್ಲಿ 4.86 ಹುಡುಕಿದರೆ ಸಿಗುವುದಿಲ್ಲ. ಆಗ ಪೌಂಡನ್ನು 4.44 ಡಾಲರಿನ ಹಳೆಯ ನಾಮಮಾತ್ರ ಸಮದರದ ಮೇಲೆ ಶೇಕಡಾವಾರಿನಲ್ಲಿ ಹೇಳುತ್ತಿದ್ದರು. ‘109½’ ಎಂದಿದ್ದರೆ ಅದು ಒಂಬತ್ತೂವರೆ ಪ್ರತಿಶತ ಪ್ರೀಮಿಯಂ ಅಲ್ಲ, ಸರಿಯಾಗಿ ಚಿನ್ನದ ಸಮದರ. 1873ರ ಕಾಯ್ದೆಯಿಂದಾಗಿ 1874ರ ಜನವರಿಯಿಂದ ನೇರವಾಗಿ ಡಾಲರ್–ಸೆಂಟಿನಲ್ಲಿ ಹೇಳುವ ರೂಢಿ ಬಂತು. ಇನ್ನೊಂದು ತೊಡಕು, ಅಂತರ್ಯುದ್ಧದ ನಂತರ 1879ರವರೆಗೆ ಅಮೆರಿಕದ ಕಾಗದದ ಡಾಲರಿಗೆ ಚಿನ್ನ ಸಿಗುತ್ತಿರಲಿಲ್ಲ. ಆ ಅವಧಿಯ ದರ ನೋಡುವಾಗ ಅದು ಚಿನ್ನದ ಡಾಲರೋ ಕಾಗದದ ಡಾಲರೋ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು.

ತಂತಿಯಲ್ಲಿ ಹಣ ಕಳಿಸುವುದೆಂದರೆ ಹಣವೇನೂ ಸಾಗರ ದಾಟುತ್ತಿರಲಿಲ್ಲ. ನ್ಯೂಯಾರ್ಕಿನ ಬ್ಯಾಂಕಿಗೆ ಲಂಡನ್ನಿನ ಬ್ಯಾಂಕಿನಲ್ಲಿ ಪೌಂಡ್ ಖಾತೆ ಇರುತ್ತಿತ್ತು. ಇಂಥವರಿಗೆ ಇಷ್ಟು ಕೊಡಿ ಎಂಬ ಆದೇಶ ಮಾತ್ರ ದಾಟುತ್ತಿತ್ತು. ಪ್ರತಿ ಪದಕ್ಕೂ ದುಡ್ಡು, ಆದ್ದರಿಂದ ಇಡೀ ವಾಕ್ಯಕ್ಕೆ ಒಂದೇ ಸಂಕೇತಪದ ಇರುವ ಕೋಡ್ ಪುಸ್ತಕಗಳು ಬಂದವು. 1906ರ ಬೆಂಟ್ಲಿ ಕೋಡ್ ಅಂಥವುಗಳಲ್ಲಿ ಹೆಸರಾದದ್ದು. ಆದೇಶ ನಕಲಿಯಲ್ಲ ಎಂದು ತಿಳಿಯಲು ‘ಟೆಸ್ಟ್ ಕೀ’ ಇತ್ತು: ದಿನಾಂಕ, ಮೊತ್ತ, ಕರೆನ್ಸಿ, ಸಂದೇಶದ ಕ್ರಮಸಂಖ್ಯೆ ಇವಕ್ಕೆಲ್ಲ ಗುಪ್ತ ಕೋಷ್ಟಕದಲ್ಲಿ ಒಂದೊಂದು ಅಂಕಿ, ಅವುಗಳ ಮೊತ್ತವನ್ನು ಸಂದೇಶದಲ್ಲಿ ಸೇರಿಸಬೇಕು. ಪಡೆದ ಬ್ಯಾಂಕು ತನ್ನ ಕೋಷ್ಟಕದಿಂದ ಕೂಡಿ ನೋಡಿ, ತಾಳೆಯಾದರೆ ಮಾತ್ರ ಹಣ ಕೊಡುತ್ತಿತ್ತು. ದಾರಿಯಲ್ಲಿ ಮೊತ್ತದ ಒಂದು ಅಂಕಿ ಕೆಟ್ಟರೂ ಕೂಡಿಕೆ ತಪ್ಪಿ ಸಿಕ್ಕಿಬೀಳುತ್ತಿತ್ತು.

ಹಲವು ಕೋಡ್ ಪದಗಳಿಗೆ ಇಂಥ ರಕ್ಷಣೆ ಇರಲಿಲ್ಲ. ಇದು ಎಷ್ಟು ಅಪಾಯ ಎಂಬುದಕ್ಕೆ ಅಮೆರಿಕದ ಸುಪ್ರೀಂ ಕೋರ್ಟಿನ 1894ರ ಪ್ರಿಮ್‌ರೋಸ್ ವಿರುದ್ಧ ವೆಸ್ಟರ್ನ್ ಯೂನಿಯನ್ ಪ್ರಕರಣ ಸಾಕ್ಷಿ. ಅದು ಉಣ್ಣೆ ವ್ಯಾಪಾರಿಯೊಬ್ಬರ ದೇಶದೊಳಗಿನ ತಂತಿ, ಕರೆನ್ಸಿಯದ್ದಲ್ಲ. ‘ಬೇ’ ಎಂಬ ಕೋಡ್ ಪದ ದಾರಿಯಲ್ಲಿ ‘ಬೈ’, ಅಂದರೆ ‘ಕೊಳ್ಳು’, ಆಗಿಬಿಟ್ಟಿತು. ಏಜೆಂಟ್ ಉಣ್ಣೆ ಕೊಳ್ಳುತ್ತಾ ಹೋದ, ನಷ್ಟ 20,000 ಡಾಲರ್ ದಾಟಿತು. ಹೆಚ್ಚುವರಿ ಹಣ ಕೊಟ್ಟು ಸಂದೇಶವನ್ನು ವಾಪಸ್ ಓದಿಸಿಕೊಂಡಿರಲಿಲ್ಲ ಎಂಬ ಕಾರಣಕ್ಕೆ ಕೋರ್ಟು ಕಂಪನಿಯ ಹೊಣೆಯನ್ನು ತಂತಿಯ ಶುಲ್ಕಕ್ಕೇ ಸೀಮಿತಗೊಳಿಸಿತು. ಫೋನಿನಲ್ಲಿ ವ್ಯವಹಾರ ಮುಗಿಸಿದ ಡೀಲರ್ ಇಂದಿಗೂ ಮೊತ್ತ, ದರ, ದಿನಾಂಕ ಮೂರನ್ನೂ ಮತ್ತೆ ಹೇಳಿಸಿಕೊಳ್ಳುವುದನ್ನು ಯಾರೂ ಅತಿ ಎನ್ನದಿರುವುದಕ್ಕೆ ಕಾರಣ ಬೇರೆ ಬೇಕಿಲ್ಲ.

ಪೌಂಡ್ ಏಕೆ ಮೊದಲು

ಬಹುಪಾಲು ಕರೆನ್ಸಿಗಳನ್ನು ‘ಒಂದು ಡಾಲರಿಗೆ ಇಷ್ಟು’ ಎಂದು ಹೇಳುತ್ತಾರೆ. ಕೇಬಲ್ ತಿರುಗುಮುರುಗು. ಪೌಂಡ್ ಆಗ ಜಗತ್ತಿನ ಮುಖ್ಯ ಕರೆನ್ಸಿಯಾಗಿತ್ತು ಎಂಬುದು ಒಂದು ಕಾರಣ. ಲೆಕ್ಕದ ಸೌಕರ್ಯ ಇನ್ನೊಂದು. 1971ರ ಫೆಬ್ರವರಿ 15ರವರೆಗೆ ಪೌಂಡಿಗೆ 20 ಷಿಲಿಂಗ್, ಷಿಲಿಂಗಿಗೆ 12 ಪೆನ್ಸ್. ಡಾಲರಿನ ಬೆಲೆಯನ್ನು ಷಿಲಿಂಗ್–ಪೆನ್ಸಿನಲ್ಲಿ ಹೇಳಿ ಗುಣಿಸುವುದಕ್ಕಿಂತ ಪೌಂಡಿನ ಬೆಲೆಯನ್ನು ದಶಮಾಂಶದ ಡಾಲರಿನಲ್ಲಿ ಹೇಳುವುದು ಎಷ್ಟೋ ಸುಲಭ. ಪೌಂಡ್ ದಶಮಾಂಶಕ್ಕೆ ಬಂದ ಮೇಲೂ ರೂಢಿ ಬದಲಾಗಲಿಲ್ಲ.

ಇದರ ಪರಿಣಾಮ ನೇರ. ಕೇಬಲ್ ಕೊಳ್ಳುವುದೆಂದರೆ ಪೌಂಡ್ ಕೊಂಡು ಡಾಲರ್ ಮಾರುವುದು. ಅಂಕಿ ಏರಿದರೆ ಪೌಂಡ್ ಬಲವಾಗಿದೆ. ಲಾಭ–ನಷ್ಟ ಬರುವುದು ಡಾಲರಿನಲ್ಲಿ. ದರ 1.2534/1.2536 ಎಂದಿದ್ದರೆ ಡೀಲರ್ ಪೌಂಡ್ ಕೊಳ್ಳುವುದು 1.2534ಕ್ಕೆ, ಮಾರುವುದು 1.2536ಕ್ಕೆ. ಬಾಯಲ್ಲಿ ಹೇಳುವಾಗ ‘34–36’ ಎಂದಷ್ಟೇ. 1.25 ಎಂಬ ‘ಬಿಗ್ ಫಿಗರ್’ ಇಬ್ಬರಿಗೂ ಗೊತ್ತಿದೆ ಎಂದು ಭಾವಿಸಲಾಗುತ್ತದೆ. ಮಾರುಕಟ್ಟೆ 1.2498ರಿಂದ 1.2502ಕ್ಕೆ ದಾಟುತ್ತಿರುವಾಗ ಈ ಭಾವನೆಯೇ ಜಗಳದ ಮೂಲ. ಅಂಥ ಹೊತ್ತಿನಲ್ಲಿ ಪೂರ್ತಿ ಅಂಕಿ ಹೇಳಿಸಿಕೊಳ್ಳಬೇಕು. ‘ಮೈನ್’ ಎಂದರೆ ಕೊಂಡೆ, ‘ಯುವರ್ಸ್’ ಎಂದರೆ ಕೊಟ್ಟೆ.

ನಾಲ್ಕನೆಯ ದಶಮಾಂಶ ಒಂದು ಪಿಪ್. 1,00,000 ಪೌಂಡಿನ ಸ್ಟಾಂಡರ್ಡ್ ಲಾಟ್‌ಗೆ ಒಂದು ಪಿಪ್ 10 ಡಾಲರ್, 10,000ಕ್ಕೆ 1 ಡಾಲರ್, 1,000ಕ್ಕೆ 10 ಸೆಂಟ್. ಷಿಕಾಗೋದ ವಿನಿಮಯ ಕೇಂದ್ರ ಸಿಎಂಇಯಲ್ಲಿ 1972ರಿಂದ ಇರುವ ಪೌಂಡ್ ಫ್ಯೂಚರ್ಸಿನ (ಮುಂದಿನ ದಿನಾಂಕಕ್ಕೆ ಈಗಲೇ ದರ ಕುದುರಿಸುವ ವಹಿವಾಟು) ಒಪ್ಪಂದ 62,500 ಪೌಂಡಿನದು, ಹಾಗಾಗಿ ಅಲ್ಲಿ ಪಿಪ್ 6.25 ಡಾಲರ್. ಇವೆರಡನ್ನು ಬೆರೆಸಿಕೊಂಡು ಒಂದು ಲಾಟಿಗೆ ಒಂದು ಫ್ಯೂಚರ್ಸ್ ಎಂದು ರಕ್ಷಣೆ ಮಾಡಿಕೊಂಡವರ 37.5 ಪ್ರತಿಶತ ಭಾಗ ಬಯಲಲ್ಲೇ ಉಳಿದಿರುತ್ತದೆ. ಫ್ಯೂಚರ್ಸ್ ಪರದೆಯಲ್ಲಿನ ದರ ಮುಂದಿನ ದಿನಾಂಕದ್ದು, ಸ್ಪಾಟ್ ಕೇಬಲ್‌ಗೆ ಸರಿಯಾಗಿ ಕೂಡುವುದಿಲ್ಲ ಎಂಬುದೂ ನೆನಪಿರಲಿ.

ಮುಂಗಡ ದರದ, ಅಂದರೆ ಮುಂದಿನ ದಿನದ ಪಾವತಿಗೆ ಇಂದೇ ನಿಗದಿಯಾಗುವ ದರದ, ಲೆಕ್ಕದಲ್ಲಿ ಕೇಬಲ್ ಹಿಡಿದವರು ಬೀಳುವ ಒಂದು ಹಳ್ಳವಿದೆ. ಡಾಲರ್ ಬಡ್ಡಿಗೆ ವರ್ಷ 360 ದಿನ, ಪೌಂಡ್ ಬಡ್ಡಿಗೆ 365 ದಿನ. ಸ್ಪಾಟ್ 1.2500, ಅವಧಿ 90 ದಿನ, ಡಾಲರ್ ಬಡ್ಡಿ 5, ಪೌಂಡ್ ಬಡ್ಡಿ 4 ಪ್ರತಿಶತ ಎಂದಿರಲಿ. ಡಾಲರ್ ಕಡೆ 1 + 0.05 × 90/360, ಅಂದರೆ 1.0125. ಪೌಂಡ್ ಕಡೆ 1 + 0.04 × 90/365, ಅಂದರೆ 1.009863. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಸ್ಪಾಟಿಗೆ ಗುಣಿಸಿದರೆ 1.25326, ಅಂದರೆ 32.6 ಪಿಪ್ ಪ್ರೀಮಿಯಂ. ಎರಡೂ ಕಡೆ 360 ಹಾಕಿದವರಿಗೆ ಸಿಗುವುದು 30.9. ಒಂದೂ ಮುಕ್ಕಾಲು ಪಿಪ್ ಎಂದು ನಗಬೇಡಿ, ಒಂದು ಕೋಟಿ ಪೌಂಡಿನ ಮೇಲೆ ಅದು ಸುಮಾರು 1,700 ಡಾಲರ್. ಯೂರೋ–ಡಾಲರಿಗೆ ಎರಡೂ ಕಡೆ 360 ಇರುವ ಸ್ಪ್ರೆಡ್‌ಶೀಟನ್ನು ಹಾಗೇ ನಕಲು ಮಾಡಿಕೊಳ್ಳುವವರಿಗೆ ಈ ತಪ್ಪು ಗ್ಯಾರಂಟಿ.

ಎರಡು ಗಡಿಯಾರಗಳು

ಲಂಡನ್ ಮತ್ತು ನ್ಯೂಯಾರ್ಕ್ ನಡುವೆ 5 ಗಂಟೆ ಅಂತರ, ಆದರೆ ವರ್ಷಪೂರ್ತಿ ಅಲ್ಲ. ಅಮೆರಿಕ ಗಡಿಯಾರವನ್ನು ಮುಂದಕ್ಕೆ ಸರಿಸುವುದು ಮಾರ್ಚಿನ ಎರಡನೆಯ ಭಾನುವಾರ, ಬ್ರಿಟನ್ ಕೊನೆಯ ಭಾನುವಾರ. ನಡುವಿನ ಎರಡು–ಮೂರು ವಾರ, ಮತ್ತೆ ಅಕ್ಟೋಬರ್ ಕೊನೆಯಲ್ಲಿ ಒಂದು ವಾರ, ಅಂತರ 4 ಗಂಟೆ. ಬೆಳಿಗ್ಗೆ 8:30ಕ್ಕೆ ಬರುವ ಅಮೆರಿಕದ ಉದ್ಯೋಗ ಅಂಕಿಅಂಶ ಆ ವಾರಗಳಲ್ಲಿ ಲಂಡನ್ನಿನ 1:30ಕ್ಕಲ್ಲ, 12:30ಕ್ಕೆ. ನ್ಯೂಯಾರ್ಕಿನ 10 ಗಂಟೆಗೆ ಮುಗಿಯುವ ಆಪ್ಷನ್‌ಗಳು (ನಿಗದಿತ ದರಕ್ಕೆ ಕೊಳ್ಳುವ ಅಥವಾ ಮಾರುವ ಹಕ್ಕಿನ ಒಪ್ಪಂದಗಳು) ಲಂಡನ್ನಿನ 3ಕ್ಕೆ ಬದಲು 2ಕ್ಕೆ ಮುಗಿಯುತ್ತವೆ. ಸಂಜೆ 4ರ ಲಂಡನ್ ಫಿಕ್ಸ್, ಅಂದರೆ ಆ ದಿನದ ಮಾನದಂಡ ದರದ ನಿಗದಿ, ಮಾತ್ರ ಲಂಡನ್ ಗಡಿಯಾರದಂತೆಯೇ ನಡೆಯುತ್ತದೆ, ಹಾಗಾಗಿ ನ್ಯೂಯಾರ್ಕಿನಲ್ಲಿ ಕುಳಿತವರಿಗೆ ಅದು 11ರ ಬದಲು 12ಕ್ಕೆ ಬರುತ್ತದೆ.

ಕೇಂದ್ರ ಬ್ಯಾಂಕುಗಳ ಬ್ಯಾಂಕಾದ ಬಿಐಎಸ್ 2022ರ ಏಪ್ರಿಲಿನಲ್ಲಿ ನಡೆಸಿದ ಸಮೀಕ್ಷೆಯಂತೆ ಜಗತ್ತಿನ ವಿನಿಮಯ ವಹಿವಾಟು ದಿನಕ್ಕೆ 7.5 ಲಕ್ಷ ಕೋಟಿ ಡಾಲರ್ ಇತ್ತು, ಕೇಬಲ್ ಪಾಲು ಅದರಲ್ಲಿ ಸುಮಾರು 9.5 ಪ್ರತಿಶತ. ಆಗ ಅದು ಯೂರೋ–ಡಾಲರ್, ಡಾಲರ್–ಯೆನ್ ನಂತರ ಮೂರನೆಯದಾಗಿತ್ತು. ಇಷ್ಟು ದೊಡ್ಡದಾದರೂ ಈ ಮಾರುಕಟ್ಟೆ ಲಂಡನ್ ಮಲಗಿದಾಗ ತೆಳ್ಳಗಾಗುತ್ತದೆ. 2016ರ ಅಕ್ಟೋಬರ್ 7ರಂದು ಲಂಡನ್ನಿನಲ್ಲಿ ಮಧ್ಯರಾತ್ರಿ ದಾಟಿದ ಕೆಲವೇ ನಿಮಿಷಗಳಲ್ಲಿ ಕೇಬಲ್ 1.26ರಿಂದ ಸುಮಾರು 9 ಪ್ರತಿಶತ ಕುಸಿದು, ಬಿದ್ದದ್ದರ ಬಹುಭಾಗವನ್ನು ಬೇಗನೆ ಮರಳಿ ಪಡೆಯಿತು. ದರ ವಿಪರೀತ ಅಲುಗಿದಾಗ ವಹಿವಾಟನ್ನು ನಿಲ್ಲಿಸುವ ತಡೆಗೆ ಸಿಕ್ಕಿ ಸಿಎಂಇ ಫ್ಯೂಚರ್ಸ್ ನಿಂತಾಗ ಅದನ್ನು ನೋಡಿ ದರ ಕೊಡುತ್ತಿದ್ದ ಯಂತ್ರಗಳೂ ಹಿಂದೆ ಸರಿದವು, ಕೊಳ್ಳುವವರೇ ಇಲ್ಲದಾದರು. ಸ್ಟಾಪ್‌ಲಾಸ್ ಬೆಲೆ ಕೊಡುವ ಭರವಸೆಯಲ್ಲ, ಆ ಬೆಲೆ ಮುಟ್ಟಿದರೆ ಸಿಕ್ಕಿದ್ದಕ್ಕೆ ಮಾರು ಎಂಬ ಆದೇಶ ಅಷ್ಟೇ. 1.24ಕ್ಕೆ ಇಟ್ಟದ್ದು ಅಂಥ ರಾತ್ರಿ ಅದಕ್ಕಿಂತ ಎಷ್ಟೋ ಸೆಂಟ್ ಕೆಳಗೆ ಮುಗಿಯಬಹುದು.

ಕೇಬಲ್ ಅಲುಗಿದಾಗ ಅಲುಗಿಸಿದವರು ಯಾರು ಎಂದು ತಿಳಿಯಲು ಯೂರೋ–ಪೌಂಡ್ ನೋಡಿ. ಕೇಬಲ್ ಒಂದು ಪ್ರತಿಶತ ಏರಿದೆ, ಯೂರೋ–ಡಾಲರ್ ಕೂಡ ಅಷ್ಟೇ ಏರಿದೆ, ಯೂರೋ–ಪೌಂಡ್ ಇದ್ದಲ್ಲೇ ಇದೆ ಎಂದರೆ ಸುದ್ದಿ ಡಾಲರಿನದು, ಲಂಡನ್ನಿನಲ್ಲಿ ಕಾರಣ ಹುಡುಕಬೇಕಿಲ್ಲ. 2022ರ ಸೆಪ್ಟೆಂಬರ್ 26ರಂದು ಕೇಬಲ್ 1.04ಕ್ಕಿಂತ ಕೆಳಗೆ, ತನ್ನ ಇತಿಹಾಸದ ಕನಿಷ್ಠ ಮಟ್ಟಕ್ಕೆ ಇಳಿದಾಗ ಯೂರೋ ಎದುರೂ ಪೌಂಡ್ ಕುಸಿದಿತ್ತು. ಮೂರು ದಿನ ಹಿಂದಿನ ಬ್ರಿಟಿಷ್ ಮಿನಿ ಬಜೆಟ್ಟಿನ ಕೆಲಸ ಅದು. ದೀರ್ಘ ಚಾರ್ಟ್ ನೋಡುವವರು ಮೆಟ್ಟಿಲುಗಳನ್ನು ಗುರುತಿಟ್ಟುಕೊಂಡರೆ ಸಾಕು: 1931ರವರೆಗೆ (ಮೊದಲ ಮಹಾಯುದ್ಧದ ನಂತರದ ಕೆಲವು ವರ್ಷ ಬಿಟ್ಟು) 4.86, 1940ರಿಂದ 4.03, 1949ರಿಂದ 2.80, 1967ರಿಂದ 2.40, 1972ರ ಜೂನಿನಿಂದ ತೇಲುವ ದರ.

ಉಳಿದ ಅಡ್ಡಹೆಸರುಗಳಿಗೆ ಇಷ್ಟು ಆಳವಿಲ್ಲ. ಕೆನಡಾದ ಡಾಲರ್ ‘ಲೂನಿ’ ಆದದ್ದು 1987ರ ನಾಣ್ಯದ ಮೇಲಿನ ಲೂನ್ ಹಕ್ಕಿಯಿಂದ. ನ್ಯೂಜಿಲೆಂಡಿನ ‘ಕಿವಿ’ಯೂ ಹಕ್ಕಿಯೇ. ಯೂರೋ–ಪೌಂಡನ್ನು ‘ಚನಲ್’ ಎನ್ನುವುದು ಇಂಗ್ಲಿಷ್ ಕಾಲುವೆಯಡಿಯ ಸುರಂಗದಿಂದ. ಯೂರೋ–ಡಾಲರಿಗೆ ‘ಫೈಬರ್’ ಎಂಬ ಹೆಸರು ಕೇಬಲ್‌ಗೆ ಜೋಡಿಯಾಗಿ ಯಾರೋ ಕಟ್ಟಿದ್ದರಂತೆ ಕೇಳಿಸುತ್ತದೆ, ಡೆಸ್ಕಿನಲ್ಲಿ ಅದನ್ನು ಹೇಳುವವರಿಗಿಂತ ಪಟ್ಟಿಗಳಲ್ಲಿ ಬರೆಯುವವರೇ ಹೆಚ್ಚು. ತಮಾಷೆಯೆಂದರೆ ಇಂದು ಕೇಬಲ್ ಓಡುವುದೂ ಫೈಬರ್ ಮೇಲೆಯೇ. 1988ರ ಟಿಎಟಿ–8 ಅಟ್ಲಾಂಟಿಕ್ ದಾಟಿದ ಮೊದಲ ಫೈಬರ್ ತಂತಿ. 2015ರ ಹೈಬರ್ನಿಯಾ ಎಕ್ಸ್‌ಪ್ರೆಸ್ ನ್ಯೂಯಾರ್ಕಿಗೆ ಹೋಗಿ ಬರುವ ಹೊತ್ತನ್ನು 59 ಮಿಲಿಸೆಕೆಂಡಿಗಿಂತ ಕೆಳಗಿಳಿಸಿತು. ಎರಡು ನಗರಗಳ ನಡುವಿನ ಸುಮಾರು 5,570 ಕಿಲೋಮೀಟರ್ ದೂರಕ್ಕೆ ಗಾಜಿನೊಳಗಿನ ಬೆಳಕು ಹೋಗಿ ಬರಲೇ 54–55 ಮಿಲಿಸೆಕೆಂಡ್ ಬೇಕು. ಇನ್ನು ಹಿಂಡಿ ತೆಗೆಯಲು ಅಲ್ಲಿ ಉಳಿದಿರುವುದು ಅಲ್ಪ.

ಮಾತಿನಲ್ಲಿ ಕೇಬಲ್ ಎನ್ನಿ, ಬರಹದಲ್ಲಿ ಜಿಬಿಪಿ/ಯುಎಸ್‌ಡಿ ಎಂದೇ ಬರೆಯಿರಿ. ‘5 ಮಿಲಿಯನ್ ಕೇಬಲ್’ ಎಂದರೆ 5 ಮಿಲಿಯನ್ ಪೌಂಡ್ ಎಂದೇ ಡೀಲರ್ ತಿಳಿಯುವುದು. ಗ್ರಾಹಕನ ತಲೆಯಲ್ಲಿ ಇದ್ದದ್ದು 5 ಮಿಲಿಯನ್ ಡಾಲರ್ ಆಗಿದ್ದರೆ, 1.25ರ ದರದಲ್ಲಿ ಅವನಿಗೆ ಬೇಕಿದ್ದದ್ದು 4 ಮಿಲಿಯನ್ ಪೌಂಡ್ ಮಾತ್ರ. ಮಿಕ್ಕ ಒಂದು ಮಿಲಿಯನ್ ಪೌಂಡನ್ನು ಮಾರುಕಟ್ಟೆ ಆಗ ಕೊಡುವ ದರಕ್ಕೆ ತಿರುಗಿ ಮಾರಬೇಕಾಗುತ್ತದೆ. ದೃಢೀಕರಣದಲ್ಲಿ ಮೊತ್ತದ ಪಕ್ಕದಲ್ಲೇ ಯಾವ ಕರೆನ್ಸಿ, ಕೊಂಡದ್ದೋ ಮಾರಿದ್ದೋ, ಪಾವತಿ ಯಾವ ದಿನ ಎಂದು ಬರೆದಿರಲಿ. ಸ್ಪಾಟ್ ಆದರೆ ಅದು ಸಾಮಾನ್ಯವಾಗಿ ಎರಡು ಕೆಲಸದ ದಿನಗಳ ನಂತರ, ಲಂಡನ್ ಮತ್ತು ನ್ಯೂಯಾರ್ಕ್ ಎರಡೂ ಕಡೆ ಬ್ಯಾಂಕು ತೆರೆದಿರುವ ದಿನ.